ಬಾಗಿಲು ಮತ್ತು ಮನೆ: ಟ್ರಿಯೆಸ್ತೆ ಎಂಬ ಬಂದರು

ಟ್ರಿಯೆಸ್ತೆ ಊರಿನ ದೊಡ್ಡ ಚೌಕಕ್ಕೆ ಮೂರೇ ಬದಿ ಕಟ್ಟಡ. ನಾಲ್ಕನೆಯ ಬದಿಗೆ ಸಮುದ್ರ. ಪಿಯಾತ್ಸಾ ಉನಿತಾ ಅಂತ ಅದರ ಹೆಸರು. ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ನಗರಸಭೆಯ ಕಟ್ಟಡ ಕಾಣುತ್ತದೆ. ಅದರ ನೆತ್ತಿಯ ಮೇಲೆ ಇಬ್ಬರು ಕಂಚಿನ ಆಳುಗಳು ಗಂಟೆ ಹೊಡೆಯುತ್ತಾರೆ. ಊರಿನವರು ಅವರನ್ನು ಮಿಕೇತ್ಸೆ, ಯಾಕೇತ್ಸೆ ಅಂತ ಹೆಸರಿಟ್ಟು ಕರೆಯುತ್ತಾರೆ. ಎಡಕ್ಕೆ ಸರ್ಕಾರದ ಅರಮನೆ. ಬಲಕ್ಕೆ, ಅದಕ್ಕೆ ಸಮಸಮವಾಗಿ, ಒಂದು ಹಡಗು ಕಂಪನಿಯ ಕಚೇರಿ. ಲಾಯ್ಡ್ ಕಂಪನಿ 1883ರಲ್ಲಿ ಕಟ್ಟಿಸಿದ್ದು ಅದು.

ರಾಜ್ಯ ಆಳುವವರ ಮನೆಯ ಎದುರಿಗೆ ಹಡಗು ಓಡಿಸುವವರ ಮನೆ. ಎರಡಕ್ಕೂ ಒಂದೇ ಗತ್ತು. ಈ ಊರಲ್ಲಿ ಯಾವುದಕ್ಕೆ ಬೆಲೆ ಇತ್ತು ಅನ್ನೋದು ಅಲ್ಲೇ ಗೊತ್ತಾಗುತ್ತದೆ. ನಡುವೆ ಒಂದು ಕಾರಂಜಿ ಇದೆ. 1750ರ ದಶಕದ್ದು. ಯುರೋಪ್, ಏಷ್ಯಾ, ಆಫ್ರಿಕಾ, ಅಮೆರಿಕ, ಹೀಗೆ ನಾಲ್ಕು ಖಂಡಗಳಿಗೆ ನಾಲ್ಕು ಮೂರ್ತಿ. ಆಸ್ಟ್ರೇಲಿಯಾ ಇಲ್ಲ. ಆಗ ಅದಿನ್ನೂ ಯುರೋಪಿನವರ ಲೆಕ್ಕಕ್ಕೆ ಬಂದಿರಲಿಲ್ಲ. ನಾಲ್ಕೂ ಖಂಡದ ಸರಕು ನಮ್ಮ ಕಟ್ಟೆಗೆ ಬರುತ್ತದೆ ಅನ್ನುವ ಹೆಮ್ಮೆ ಆ ಕಲ್ಲಿನಲ್ಲಿದೆ.

ಇಟಲಿ ಅಂದ ಕೂಡಲೇ ನಮಗೆ ರೋಮ್, ವೆನಿಸ್ ನೆನಪಾಗುತ್ತವೆ. ಟ್ರಿಯೆಸ್ತೆ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ನಕ್ಷೆಯಲ್ಲಿ ಹುಡುಕಬೇಕಾದರೆ ಏಡ್ರಿಯಾಟಿಕ್ ಸಮುದ್ರದ ತುತ್ತತುದಿಗೆ ಹೋಗಬೇಕು. ಅಲ್ಲಿ ಇಟಲಿ ಒಂದು ಸಣ್ಣ ಪಟ್ಟಿಯಾಗಿ, ಸ್ಲೊವೇನಿಯಾ ಮತ್ತು ಸಮುದ್ರದ ನಡುವೆ ಇಕ್ಕಟ್ಟಾಗಿ ಮುಗಿಯುತ್ತದೆ. ಊರಿನ ಹಿಂದೆಯೇ ಕಾರ್ಸೋ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ. ಅದನ್ನು ಹತ್ತಿ ಸ್ವಲ್ಪ ದೂರ ಹೋದರೆ ಬೇರೆ ದೇಶ.

ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಇಷ್ಟು ದೊಡ್ಡ ಬಂದರು ಯಾಕೆ ಬಂತು? ಬಂದಮೇಲೆ ಯಾಕೆ ಸೊರಗಿತು? ಇದು ಗೊತ್ತಾದರೆ ಈ ಊರಿನ ಬೀದಿ, ಗುಡಿ, ಕಾಫಿ ಲೋಟ ಎಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

ಬಂದರು ಅಂದರೆ ಒಂದು ಬಾಗಿಲು. ಬಾಗಿಲು ಎಷ್ಟೇ ಚೆನ್ನಾಗಿರಲಿ, ಅದರ ಹಿಂದೆ ಒಂದು ಮನೆ ಬೇಕಲ್ವಾ? ಆಳವಾದ ನೀರು, ಗಟ್ಟಿ ಧಕ್ಕೆ, ಕ್ರೇನು ಇವೆಲ್ಲ ಅರ್ಧ ಮಾತ್ರ. ಇನ್ನರ್ಧ ಬೆನ್ನ ಹಿಂದಿನ ನೆಲ. ಸರಕು ಕಳಿಸುವವರು, ಕೊಳ್ಳುವವರು ಅಲ್ಲಿರುತ್ತಾರೆ. ನಮ್ಮ ಮಂಗಳೂರನ್ನೇ ನೋಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದಾದರೆ ಕಡಲ ಬದಿಯ ವ್ಯಾಪಾರಕ್ಕೂ ಬಿಸಿ ತಟ್ಟುತ್ತದೆ. ಸಮುದ್ರ ಇದ್ದಲ್ಲೇ ಇರುತ್ತದೆ, ದಾರಿ ಮಾತ್ರ ಇರುವುದಿಲ್ಲ.

ಟ್ರಿಯೆಸ್ತೆಯ ಬೆನ್ನ ಹಿಂದೆ ಇದ್ದದ್ದು ಆಸ್ಟ್ರಿಯಾ. ಬೆಟ್ಟದಾಚೆಯ ಅಷ್ಟು ದೊಡ್ಡ ಸಾಮ್ರಾಜ್ಯ ಅದು. ಅದರ ಹಾಬ್ಸ್‌ಬರ್ಗ್ ಅರಸರಿಗೆ ಸಮುದ್ರ ಸಿಗುತ್ತಿದ್ದದ್ದು ಇಂಥ ಒಂದೆರಡು ಮೂಲೆಯಲ್ಲಿ ಮಾತ್ರ. ಪಕ್ಕದ ವೆನಿಸ್‌ನ ಕಾಟ ತಡೆಯಲಾರದೆ ಟ್ರಿಯೆಸ್ತೆ 1382ರಲ್ಲೇ ಹೋಗಿ ಆ ಅರಸರ ಆಸರೆ ಪಡೆದಿತ್ತು. ಆದರೂ ಮುಂದಿನ ಮುನ್ನೂರು ವರ್ಷ ಅದು ಮೀನು, ಉಪ್ಪು, ದ್ರಾಕ್ಷಿತೋಟ ನಂಬಿಕೊಂಡ ಕೆಲವೇ ಸಾವಿರ ಜನರ ಊರಾಗಿ ಉಳಿಯಿತು. ಏಡ್ರಿಯಾಟಿಕ್ ನಮ್ಮ ಮನೆಯಂಗಳ ಅಂತ ವೆನಿಸ್ ಹಿಡಿದು ಕೂತಿತ್ತು.

ಎಲ್ಲ ಬದಲಾದದ್ದು 1719ರಲ್ಲಿ. ಚಕ್ರವರ್ತಿ ಆರನೇ ಚಾರ್ಲ್ಸ್ ಟ್ರಿಯೆಸ್ತೆಯನ್ನು ಮುಕ್ತ ಬಂದರು ಅಂತ ಸಾರಿದ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು, ಉಳಿದ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡರೆ ಏನು ಬಂತು ಅಂತ ನಮ್ಮಲ್ಲಿ ಗಾದೆಯೇ ಇದೆ. ಸಾಮಾನ್ಯ ಬಂದರಿನಲ್ಲಿ ಹಡಗಿಳಿದ ವ್ಯಾಪಾರಿಗೆ ಮೊದಲು ಎದುರಾಗುವವನು ಅವನೇ. ಒಬ್ಬ ವ್ಯಾಪಾರಿ ನೂರು ಮೂಟೆ ಕಾಫಿ ತಂದಿದ್ದಾನೆ ಅನ್ನಿ. ಮಾಲು ನೆಲ ಮುಟ್ಟಿದ ಕೂಡಲೇ ಸುಂಕ ಕಟ್ಟಬೇಕು. ಒಂದು ಮೂಟೆಯೂ ಇನ್ನೂ ಮಾರಿಲ್ಲ, ಬೆಲೆ ಏನು ಸಿಗುತ್ತದೋ ಗೊತ್ತಿಲ್ಲ, ಆದರೂ ಕೈಯಿಂದ ದುಡ್ಡು ಹೋಯಿತು. ಆ ಕಾಫಿಯನ್ನು ಅವನು ಇನ್ನೊಂದು ದೇಶಕ್ಕೆ ಮಾರಬೇಕೆಂದಿದ್ದರೂ ಇಲ್ಲಿ ಒಮ್ಮೆ ಕೈಬಿಚ್ಚಲೇಬೇಕು. ಮುಕ್ತ ಬಂದರಿನಲ್ಲಿ ಹಾಗಲ್ಲ. ಮಾಲು ಇಳಿಸಬಹುದು, ಗೋದಾಮಿನಲ್ಲಿ ಇಡಬಹುದು, ಆರಿಸಿ, ಬೆರೆಸಿ, ಬೇರೆ ಚೀಲಕ್ಕೆ ತುಂಬಬಹುದು. ಬೆಲೆ ಏರುವ ತನಕ ಕಾಯಬಹುದು. ಬೇರೆ ಹಡಗಿಗೆ ಹಾಕಿ ಕಳಿಸಿಯೂ ಬಿಡಬಹುದು. ಬಂದರಿನ ಗೆರೆ ದಾಟಿ ದೇಶದ ಒಳಗೆ ಹೋದರೆ ಮಾತ್ರ ಸುಂಕ.

ಸರ್ಕಾರಕ್ಕೆ ಇದರಿಂದ ನಷ್ಟ ಅಲ್ವಾ? ಮೇಲುನೋಟಕ್ಕೆ ಹೌದು. ಆದರೆ ಮಾಲು ಬಂದಲ್ಲಿ ಹಮಾಲಿ ಬೇಕು, ಗೋದಾಮು ಬೇಕು, ಸಾಲ ಕೊಡುವವರು ಬೇಕು, ಮುಳುಗಿದರೆ ತುಂಬಿಕೊಡುವ ವಿಮೆಯವರು ಬೇಕು. ಒಂದೊಂದೂ ಒಂದೊಂದು ಸಂಬಳ. ಈಗಲೂ ಇಟಲಿಯ ಅತಿ ದೊಡ್ಡ ವಿಮಾ ಕಂಪನಿಯಾದ ಜೆನೆರಾಲಿ ಹುಟ್ಟಿದ್ದು ಇದೇ ಊರಿನಲ್ಲಿ, 1831ರಲ್ಲಿ. ಚೌಕದ ಆ ಲಾಯ್ಡ್ ಕಂಪನಿಯೂ 1833ರಲ್ಲಿ ಶುರುವಾದದ್ದು ಹಡಗುಗಳ ಸುದ್ದಿ ಕಲೆಹಾಕಲು ವಿಮೆಯವರು ಮಾಡಿಕೊಂಡ ಕೂಟವಾಗಿ. ಮೂರು ವರ್ಷದ ನಂತರ ಅದು ತನ್ನದೇ ಹಬೆಹಡಗು ಓಡಿಸಲು ಹೊರಟಿತು.

ಊರು ಬೆಳೆಯಬೇಕಾದರೆ ಜಾಗ ಬೇಕು. ಹಿಂದೆ ಗುಡ್ಡ, ಮುಂದೆ ನೀರು. ಉಳಿದದ್ದು ಉಪ್ಪಿನ ಆಗರ. ಅದನ್ನು ಮುಚ್ಚಿ ಅದರ ಮೇಲೆ ಹೊಸ ಬಡಾವಣೆ ಕಟ್ಟಿದರು. ಚಾರ್ಲ್ಸ್‌ನ ಮಗಳು ಮರಿಯಾ ತೆರೆಸಾಳ ಹೆಸರಿನಲ್ಲಿ ಅದು ಬೋರ್ಗೋ ತೆರೆಸಿಯಾನೋ ಆಯಿತು. ಗುಡ್ಡದ ಬುಡದ ಹಳೆ ಊರಿನ ಓಣಿಗಳು ಹಾವಿನ ಹಾಗೆ ಸುತ್ತುತ್ತವೆ. ಇಲ್ಲಿ ಮಾತ್ರ ಬೀದಿಗಳೆಲ್ಲ ಚೌಕಾಬಾರದ ಮನೆಗಳ ಹಾಗೆ ನೇರ. ನಡುವೆ 1750ರ ದಶಕದಲ್ಲಿ ಒಂದು ಕಾಲುವೆ ತೋಡಿದರು. ವೆನಿಸ್‌ನಂತೆ ಚೆಂದಕ್ಕೆ ಅಂತ ಅಲ್ಲ. ಹಡಗು ಸೀದಾ ವ್ಯಾಪಾರಿಯ ಮನೆ ಬಾಗಿಲಿಗೆ ಬರಲಿ ಅಂತ. ಕೆಳಗೆ ಗೋದಾಮು, ಮೇಲೆ ಮನೆ. ನಮ್ಮ ಹಳೆ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುತ್ತಿತ್ತಲ್ಲ, ಅದೇ ಲೆಕ್ಕ. ಕಾಲುವೆ ಈಗ ಮೊದಲಿನಷ್ಟು ಉದ್ದ ಇಲ್ಲ. ಅದರ ಕೊನೆಯ ಭಾಗವನ್ನು 1934ರಲ್ಲಿ ಮುಚ್ಚಿಬಿಟ್ಟರು.

ಆ ಕಾಲುವೆಯ ದಡದಲ್ಲಿ ಸುಮ್ನೆ ಹತ್ತು ನಿಮಿಷ ನಡೆದರೆ ಸಾಕು. ಕಾಲುವೆಯ ತಲೆಗೆ ಕ್ಯಾಥೊಲಿಕರ ಇಗರ್ಜಿ. ಅದರ ಪಕ್ಕದಲ್ಲೇ ನೀಲಿ ಗುಮ್ಮಟಗಳ ಸರ್ಬಿಯನ್ ಆರ್ಥೊಡಾಕ್ಸ್ ಇಗರ್ಜಿ, ಒಳಗೆಲ್ಲ ಬಂಗಾರದ ಬಣ್ಣ. ಸಮುದ್ರದ ಕಡೆ ತಿರುಗಿದರೆ ಗ್ರೀಕರದ್ದು. ಒಂದು ಕಾಲಕ್ಕೆ ಗ್ರೀಕರೂ ಸರ್ಬಿಯನ್ನರೂ ಒಂದೇ ಇಗರ್ಜಿಗೆ ಹೋಗುತ್ತಿದ್ದರು. ಪ್ರಾರ್ಥನೆ ಯಾವ ಭಾಷೆಯಲ್ಲಿ ನಡೆಯಬೇಕು ಅಂತ ಜಗಳ ಬಂದು ಬೇರೆಯಾದರು. ಸ್ವಲ್ಪ ಆಚೆ 1912ರ ಯಹೂದಿ ಸಿನಗಾಗ್. ಯುರೋಪಿನ ದೊಡ್ಡ ಸಿನಗಾಗ್‌ಗಳಲ್ಲಿ ಅದೂ ಒಂದು. ಸಾಂತ್ ಅನ್ನಾ ಕಡೆಯ ಸ್ಮಶಾನಗಳೂ ಹೀಗೇ. ಕ್ಯಾಥೊಲಿಕ್, ಯಹೂದಿ, ಆರ್ಥೊಡಾಕ್ಸ್, ಪ್ರಾಟೆಸ್ಟಂಟ್ ಎಲ್ಲರದ್ದೂ ಅಕ್ಕಪಕ್ಕ.

ಇದು ಬರೀ ದೊಡ್ಡ ಮನಸ್ಸಿನ ಫಲ ಅಂತ ನನಗೆ ಅನ್ನಿಸುವುದಿಲ್ಲ. ವ್ಯಾಪಾರಿಯನ್ನು ದೂರದೂರಿಂದ ಕರೆಸಬೇಕಾದರೆ ಅವನಿಗೆ ಪೂಜೆಗೆ ಜಾಗ ಕೊಡಬೇಕು, ಸತ್ತರೆ ಮಣ್ಣಿಗೆ ಜಾಗ ಕೊಡಬೇಕು. ಮುಕ್ತ ಬಂದರಿನ ಲೆಕ್ಕದೊಳಗೆ ಇದೂ ಒಂದು ಬಾಬ್ತು. ಆದರೆ ಲೆಕ್ಕಕ್ಕಾಗಿ ಶುರುವಾದದ್ದು ಮುಂದೆ ಬದುಕೇ ಆಯಿತು. ಬೀದಿಯಲ್ಲಿ ವೆನಿಸ್ ಕಡೆಯ ಇಟಾಲಿಯನ್, ಗುಡ್ಡದ ಹಳ್ಳಿಗಳಲ್ಲಿ ಸ್ಲೊವೇನ್, ಕಚೇರಿಯಲ್ಲಿ ಜರ್ಮನ್. ಒಬ್ಬನೇ ಮನುಷ್ಯ ಬೆಳಗಿಂದ ಸಂಜೆಯೊಳಗೆ ಮೂರನ್ನೂ ಆಡುತ್ತಿದ್ದ. ತುಳು, ಕೊಂಕಣಿ, ಬ್ಯಾರಿ, ಕನ್ನಡದ ನಡುವೆ ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1857ರಲ್ಲಿ ವಿಯೆನ್ನಾದಿಂದ ರೈಲು ಬಂತು. ಆಲ್ಪ್ಸ್ ಬೆಟ್ಟ ಕೊರೆದು, ಕಮಾನು ಸೇತುವೆ ಕಟ್ಟಿ ಹಾಕಿದ ಹಳಿ. ಬಾಗಿಲಿಗೂ ಮನೆಗೂ ನಡುವೆ ಕೊನೆಗೂ ಒಂದು ಪಡಸಾಲೆ ಆಯಿತು ಅನ್ನಿ. ಹನ್ನೆರಡು ವರ್ಷದ ನಂತರ, 1869ರಲ್ಲಿ, ಸೂಯೆಜ್ ಕಾಲುವೆ ತೆರೆಯಿತು. ಆ ಕಾಲುವೆಯ ಕಂಪನಿಗೆ ಉಪಾಧ್ಯಕ್ಷನಾಗಿದ್ದವನು ಟ್ರಿಯೆಸ್ತೆಯ ಪಸ್ಕ್ವಾಲೆ ರೆವೊಲ್ತೆಲ್ಲಾ. ಕಾಲುವೆ ತೆರೆಯುವುದಕ್ಕೆ ಎರಡು ತಿಂಗಳು ಇರುವಾಗ ಅವನು ತೀರಿಕೊಂಡ. ಅವನ ಮನೆ ಈಗ ಚಿತ್ರಶಾಲೆ. ಕಾಲುವೆ ಬಂದಮೇಲೆ ಲಾಯ್ಡ್ ಹಡಗುಗಳು ಮುಂಬೈಗೆ ನೇರವಾಗಿ ಓಡಾಡತೊಡಗಿದವು. 1910ರ ಹೊತ್ತಿಗೆ ಊರಿನ ಜನಸಂಖ್ಯೆ 2 ಲಕ್ಷ ದಾಟಿತ್ತು. ಇಡೀ ಸಾಮ್ರಾಜ್ಯದಲ್ಲಿ ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್ ಬಿಟ್ಟರೆ ಇದೇ ದೊಡ್ಡ ಊರು.

ವಿಯೆನ್ನಾದ ಕಾಫಿಮನೆಗಳಿಗೆ ಹೋಗುತ್ತಿದ್ದ ಬೀಜ ಇಳಿಯುತ್ತಿದ್ದದ್ದು ಇಲ್ಲೇ. ಇಳಿದ ಊರಿಗೂ ರುಚಿ ಹತ್ತಿತು. ಇಂದಿಗೂ ಇಲ್ಲಿ ಕಾಫಿ ಕೇಳುವ ಮಾತೇ ಬೇರೆ. ಇಟಲಿಯಲ್ಲಿ ಬೇರೆಲ್ಲ ಕಡೆ ಎಸ್ಪ್ರೆಸ್ಸೊ ಅನ್ನುವುದಕ್ಕೆ ಇಲ್ಲಿ ನೇರೋ ಅನ್ನುತ್ತಾರೆ. ನೇರೋ ಅಂದರೆ ಕಪ್ಪು. ಅದರ ಮೇಲೆ ಸ್ವಲ್ಪ ಹಾಲಿನ ನೊರೆ ಬಿದ್ದರೆ ಕಾಪೋ. ಅದನ್ನೇ ಪಿಂಗಾಣಿ ಕಪ್ಪಿನ ಬದಲು ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟರೆ ಕಾಪೋ ಇನ್ ಬಿ. ಬಿ ಅಂದರೆ ಬಿಕ್ಕಿಯೇರೆ, ಲೋಟ. ನೊರೆಯ ಒಂದೇ ಒಂದು ಬೊಟ್ಟು ನಡುವೆ ಇಟ್ಟರೆ ಗೊಚ್ಚಾ, ಅಂದರೆ ಹನಿ. ಬೇರೆ ಊರಿನವರು ಕಪುಚಿನೋ ಅನ್ನುವುದು ಬೇಕಾದರೆ ಇಲ್ಲಿ ಕಫೆಲಾತ್ತೆ ಕೇಳಬೇಕು. ನಮ್ಮ ಹೋಟೆಲುಗಳಲ್ಲಿ ಬೈಟು, ಸ್ಟ್ರಾಂಗ್, ಲೈಟ್, ಶುಗರ್‌ಲೆಸ್ ಅಂತ ಕೂಗುವುದಿಲ್ವಾ, ಹಾಗೇ. ದಿನಾ ಕುಡಿಯುವವರು ಮಾತು ಮೊಟಕು ಮಾಡಿಕೊಳ್ಳುತ್ತಾರೆ. ಇಲ್ಲಿ ಕಾಪೋ ಇನ್ ಬಿ ಅಂದವನು ಊರಿನವನು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗಾಳಿ. ಬೋರಾ ಅಂತ ಅದರ ಹೆಸರು. ಚಳಿಗಾಲದಲ್ಲಿ ಬೆಟ್ಟದಾಚೆಯ ಬಯಲಿನಲ್ಲಿ ತಣ್ಣನೆಯ, ಭಾರವಾದ ಗಾಳಿ ತುಂಬಿಕೊಳ್ಳುತ್ತದೆ. ಸಮುದ್ರದ ಮೇಲಿನ ಗಾಳಿ ಬೆಚ್ಚಗೆ, ಹಗುರ. ನಡುವಿನ ಬೆಟ್ಟಸಾಲು ಒಂದು ಕಡೆ ತಗ್ಗಾಗಿದೆ. ತುಂಬಿದ ಕೆರೆ ಕೋಡಿ ಬಿದ್ದ ಹಾಗೆ ಆ ತಗ್ಗಿನಿಂದ ತಣ್ಣನೆ ಗಾಳಿ ಕೆಳಕ್ಕೆ ನುಗ್ಗುತ್ತದೆ. ಕೆಲವು ಸಲ ಗಂಟೆಗೆ 150 ಕಿಲೋಮೀಟರ್ ದಾಟಿದ್ದೂ ಇದೆ. ಅದು ಒಂದೇ ಸಮ ಬೀಸುವುದಿಲ್ಲ. ರೆಫೋಲಿ ಅಂತ ಬಿಟ್ಟು ಬಿಟ್ಟು ಗುದ್ದುತ್ತದೆ. ಒಂದು ಗುದ್ದಿಗೆ ಮೈ ಬಾಗಿಸಿ ನಿಂತವರು ಮರುಕ್ಷಣ ಅದು ನಿಂತರೆ ಮುಗ್ಗರಿಸುತ್ತಾರೆ. ಹಿಂದೆ ಬೀದಿಯ ತಿರುವುಗಳಲ್ಲಿ ಹಿಡಿದು ನಡೆಯಲು ಹಗ್ಗ ಕಟ್ಟುತ್ತಿದ್ದರು. ಬೋರಾ ಬೀಸಿದ ಮರುದಿನ ಕಸದ ಡಬ್ಬಗಳ ಸುತ್ತ ಮುರಿದ ಕೊಡೆಗಳು ರೆಕ್ಕೆ ಮುರಿದ ಬಾವಲಿಗಳ ಹಾಗೆ ಬಿದ್ದಿರುತ್ತವೆ. ಆಕಾಶ ಶುಭ್ರವಾಗಿದ್ದರೆ ಬಿಳಿ ಬೋರಾ, ಮಳೆ ಹಿಮ ತಂದರೆ ಕರಿ ಬೋರಾ ಅಂತ ಊರಿನವರು ಬೇರೆ ಮಾಡಿ ಹೇಳುತ್ತಾರೆ.

ಇನ್ನು 1918ಕ್ಕೆ ಬರೋಣ. ಚೌಕದ ಪಕ್ಕದಲ್ಲೇ ಸಮುದ್ರದೊಳಗೆ ಚಾಚಿದ ಒಂದು ಕಲ್ಲಿನ ಕಟ್ಟೆ ಇದೆ. ಸುಮಾರು 250 ಮೀಟರ್ ಉದ್ದ. ಅಲ್ಲಿ ಮುಳುಗಿದ್ದ ಸಾನ್ ಕಾರ್ಲೋ ಎಂಬ ಹಡಗಿನ ಅವಶೇಷದ ಮೇಲೆಯೇ ಅದನ್ನು ಕಟ್ಟಿದ್ದರು, ಹಾಗಾಗಿ ಹೆಸರೂ ಅದೇ ಆಗಿತ್ತು. ಮೊದಲ ಮಹಾಯುದ್ಧ ಮುಗಿಯುತ್ತಿದ್ದಾಗ, 1918ರ ನವೆಂಬರ್ 3ರಂದು, ಔದಾಚೆ ಎಂಬ ಇಟಲಿಯ ಯುದ್ಧನೌಕೆ ಬಂದು ಅಲ್ಲಿ ಲಂಗರು ಹಾಕಿತು. ಕಟ್ಟೆಯ ಹೆಸರು ಮೋಲೋ ಔದಾಚೆ ಆಯಿತು. ತುದಿಯಲ್ಲಿ ಬಿಳಿ ಕಲ್ಲಿನ ಕಂಬದ ಮೇಲೆ ಕಂಚಿನ ದಿಕ್ಸೂಚಿ ಇದೆ, ಶತ್ರುಗಳ ಕಂಚು ಕರಗಿಸಿ ಎರಕ ಹೊಯ್ದದ್ದು. ಕಟ್ಟೆಗೆ ಕಟಕಟೆ ಇಲ್ಲ. ಸಂಜೆ ಊರಿಗೆ ಊರೇ ಅಲ್ಲಿ ಕಾಲಾಡಿಸುತ್ತದೆ. ತುದಿ ತನಕ ಹೋಗಿ, ಆ ಕಂಚನ್ನು ಮುಟ್ಟಿ ವಾಪಸು ಬರುವುದು.

ಊರಿನ ಇಟಾಲಿಯನ್ನರಲ್ಲಿ ಬಹಳ ಜನರಿಗೆ ಅದು ಕಾದು ಕಾದು ಬಂದ ದಿನ. ಅವರ ಆಸೆ ಸುಳ್ಳಲ್ಲ. ಆದರೆ ಬಂದರಿನ ಕಡೆಯಿಂದ ನೋಡಿದರೆ ಅದೇ ದಿನ ಬಾಗಿಲಿನ ಹಿಂದಿನ ಮನೆ ಬಿದ್ದುಹೋಯಿತು. ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯ ಒಡೆದು ಚೂರಾಯಿತು. ವಿಯೆನ್ನಾದ ಸರಕು ಈಗ ಒಂದೊಂದು ಗಡಿ ದಾಟಿ ಬರಬೇಕಾಯಿತು. ಇಟಲಿಗೋ ಜೆನೋವಾ ಇತ್ತು, ನೇಪಲ್ಸ್ ಇತ್ತು, ವೆನಿಸ್ ಇತ್ತು. ಆಸ್ಟ್ರಿಯಾಕ್ಕೆ ಟ್ರಿಯೆಸ್ತೆ ಎಲ್ಲಕ್ಕಿಂತ ದೊಡ್ಡ ಬಂದರು, ಇಟಲಿಗೆ ಹತ್ತರಲ್ಲಿ ಹನ್ನೊಂದನೆಯದು.

ಬೇರೆ ಭಾಷೆಯವರಿಗೆ ಕಷ್ಟದ ದಿನಗಳು ಬಂದವು. 1910ರ ಗಣತಿಯಲ್ಲಿ ಊರಿನ ಸುಮಾರು ಕಾಲು ಭಾಗ ಜನ ಸ್ಲೊವೇನ್ ಮಾತಾಡುವವರು. ಅವರದ್ದೇ ನರೋದ್ನಿ ದೋಮ್ ಎಂಬ ದೊಡ್ಡ ಭವನ ಪೇಟೆಯ ನಡುವೆ ಇತ್ತು. 1920ರ ಜುಲೈ 13ರಂದು ಫ್ಯಾಸಿಸ್ಟರು ಅದಕ್ಕೆ ಬೆಂಕಿ ಇಟ್ಟರು. ಆಮೇಲೆ ಸ್ಲೊವೇನ್ ಶಾಲೆಗಳು ಮುಚ್ಚಿದವು, ಜನರ ಮನೆತನದ ಹೆಸರುಗಳನ್ನೇ ಇಟಾಲಿಯನ್ ಮಾಡಿದರು. 1938ರ ಸೆಪ್ಟೆಂಬರ್ 18ರಂದು ಮುಸೊಲಿನಿ ಯಹೂದಿಗಳ ವಿರುದ್ಧದ ಕಾನೂನುಗಳನ್ನು ಸಾರಿದ್ದು, ನಾಲ್ಕು ಖಂಡಗಳ ಕಾರಂಜಿ ಇರುವ ಆ ಚೌಕದಲ್ಲೇ.

ಬಂದರಿಗೆ ಬಂದ ಭತ್ತದ ಸಿಪ್ಪೆ ತೆಗೆಯಲು ಸಾನ್ ಸಬ್ಬಾ ಎಂಬಲ್ಲಿ ಒಂದು ಅಕ್ಕಿ ಗಿರಣಿ ಇತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಊರು ಹಿಡಿದಾಗ ಅದನ್ನು ಸೆರೆಶಿಬಿರ ಮಾಡಿದರು. ಹೆಣ ಸುಡಲು ಕುಲುಮೆಯನ್ನೂ ಕಟ್ಟಿದರು. ಇಟಲಿಯ ನೆಲದಲ್ಲಿ ಹಾಗೆ ಕುಲುಮೆ ಇದ್ದ ಶಿಬಿರ ಅದೊಂದೇ. ಸಾವಿರಾರು ಜನ ಅಲ್ಲಿ ಸತ್ತರು. ಇನ್ನೂ ಹೆಚ್ಚು ಜನರನ್ನು ಅಲ್ಲಿಂದ ರೈಲಿನಲ್ಲಿ ಉತ್ತರಕ್ಕೆ, ಬೇರೆ ಶಿಬಿರಗಳಿಗೆ ಸಾಗಿಸಿದರು. ಈಗ ಅದು ಸ್ಮಾರಕ. ಒಳಗೆ ಹೋಗುವ ದಾರಿಯ ಎರಡೂ ಬದಿಗೆ ಎತ್ತರದ ಕಾಂಕ್ರೀಟ್ ಗೋಡೆಗಳು, ನಡೆಯುವವರಿಗೆ ಮೇಲಿನ ಆಕಾಶದ ಪಟ್ಟಿ ಮಾತ್ರ ಕಾಣುತ್ತದೆ.

1945ರ ಮೇ 1ರಂದು ಯುಗೊಸ್ಲಾವಿಯಾದ ಸೇನೆ ಬಂತು. ನಲವತ್ತು ದಿನ ಊರು ಅವರ ಕೈಯಲ್ಲಿತ್ತು. ಬಹಳ ಜನರನ್ನು ಹಿಡಿದೊಯ್ದರು, ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಆಮೇಲೆ ಬ್ರಿಟಿಷ್, ಅಮೆರಿಕನ್ ಸೇನೆಗಳ ಆಡಳಿತ. 1947ರ ಶಾಂತಿ ಒಪ್ಪಂದ ಈ ಊರನ್ನು ಯಾರಿಗೂ ಕೊಡದೆ ಟ್ರಿಯೆಸ್ತೆಯ ಸ್ವತಂತ್ರ ಪ್ರದೇಶ ಅಂತ ಮಾಡಿತು. ಅದಕ್ಕೆ ತನ್ನದೇ ಅಂಚೆಚೀಟಿ ಇತ್ತು. ಆದರೆ ಅದನ್ನು ಆಳಬೇಕಿದ್ದ ರಾಜ್ಯಪಾಲ ಯಾರು ಅನ್ನುವುದು ಕೊನೆತನಕ ತೀರ್ಮಾನವಾಗಲಿಲ್ಲ. 1954ರ ಅಕ್ಟೋಬರ್‌ನಲ್ಲಿ ಊರು ಇಟಲಿಗೆ, ದಕ್ಷಿಣದ ಭಾಗ ಯುಗೊಸ್ಲಾವಿಯಾಕ್ಕೆ ಅಂತ ಹಂಚಿಕೆಯಾಯಿತು.

ಗಡಿಯ ಆಚೆ ಬಿದ್ದ ಇಸ್ತ್ರಿಯಾ ಕಡೆಯಿಂದ ಇಟಾಲಿಯನ್ನರು ಮನೆ ಬಿಟ್ಟು ಬಂದರು. ತಂದ ಸಾಮಾನನ್ನು ಇಡಲು ಜಾಗ ಇರಲಿಲ್ಲ. ಹಳೆ ಬಂದರಿನ ಗೋದಾಮಿನಲ್ಲಿಟ್ಟು, ಮುಂದೆ ಬಂದು ಒಯ್ಯುತ್ತೇವೆ ಅಂತ ಹೋದರು. ಬಹಳ ಜನ ಬರಲೇ ಇಲ್ಲ. ಹದಿನೆಂಟನೇ ಗೋದಾಮಿನಲ್ಲಿ ಅವು ದಶಕಗಟ್ಟಲೆ ಉಳಿದವು. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಗುಡ್ಡ. ಬೀರು, ಹಾಸಿಗೆಯ ಚೌಕಟ್ಟು, ಹೊಲಿಗೆ ಯಂತ್ರ, ಮಕ್ಕಳ ಶಾಲೆಯ ಪುಸ್ತಕ, ಗೋಡೆಯಿಂದ ಕಳಚಿ ತಂದ ಫೋಟೊ. ಎಷ್ಟೋ ವಸ್ತುಗಳ ಮೇಲೆ ಯಜಮಾನರ ಹೆಸರು, ಸಂಖ್ಯೆ ಬರೆದಿದೆ. ಮೂಟೆ ಕಾಯಲಿ ಅಂತ ಕಟ್ಟಿದ ಬಂದರಿನಲ್ಲಿ ಮನೆಗಳೇ ಬಂದು ಕಾದವು. ಈ ಊರಿನ ಬಗ್ಗೆ ಏನೇ ಓದಲಿ, ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಕುರ್ಚಿಗಳ ಹತ್ತಿರ.

ಗಡಿ ಬಿದ್ದರೂ ಹೊಟ್ಟೆಪಾಡು ದಾರಿ ಹುಡುಕಿಕೊಂಡಿತು. 1960ರಿಂದ 80ರ ದಶಕದ ತನಕ ಯುಗೊಸ್ಲಾವಿಯಾದಿಂದ ಬಸ್ಸು, ರೈಲು ತುಂಬಿಕೊಂಡು ಜನ ಬರುತ್ತಿದ್ದರು, ಜೀನ್ಸ್ ಕೊಳ್ಳಲು. ಕಾಲುವೆ ಪಕ್ಕದ ಪೊಂತೆರೋಸ್ಸೊ ಚೌಕದಲ್ಲಿ ಅಂಗಡಿಯವರು ಅವರ ಭಾಷೆಯಲ್ಲೇ ಕೂಗಿ ಕರೆಯುತ್ತಿದ್ದರು. ಗುಡ್ಡದ ಮೇಲಿನ ಸ್ಲೊವೇನ್ ರೈತರ ಓಸ್ಮಿತ್ಸಾ ಕೂಡ ಉಳಿದುಬಂತು. ರೈತರು ತಮ್ಮ ಮನೆಯ ವೈನನ್ನು ವರ್ಷಕ್ಕೆ ಎಂಟು ದಿನ ತಾವೇ ಮಾರಬಹುದು ಅಂತ 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅಪ್ಪಣೆ ಕೊಟ್ಟಿದ್ದ. ಸ್ಲೊವೇನ್‌ನಲ್ಲಿ ಓಸೆಮ್ ಅಂದರೆ ಎಂಟು. ಈಗ ದಿನಗಳ ಲೆಕ್ಕ ಸಡಿಲವಾಗಿದೆ, ಪದ್ಧತಿ ಹಾಗೇ ಇದೆ. ರಸ್ತೆ ಕೂಡುವಲ್ಲಿ ಎಲೆಗಳ ಒಂದು ಗೊಂಚಲು, ಒಂದು ಬಾಣದ ಗುರುತು ನೇತಾಡುತ್ತಿದ್ದರೆ ಆ ದಾರಿಯಲ್ಲಿ ಯಾರದೋ ಅಂಗಳ ತೆರೆದಿದೆ ಅಂತ ಅರ್ಥ. ಮನೆಯ ವೈನು, ಹ್ಯಾಮ್, ಬೇಯಿಸಿದ ಮೊಟ್ಟೆ, ಮರದ ಬೆಂಚು.

ಇದೇ ಗಡಿಯ ಊರಿಗೆ 1964ರಲ್ಲಿ ಪಾಕಿಸ್ತಾನದ ಅಬ್ದುಸ್ ಸಲಾಂ ಬಂದು ಬಡ ದೇಶಗಳ ವಿಜ್ಞಾನಿಗಳಿಗಾಗಿ ಭೌತಶಾಸ್ತ್ರದ ಕೇಂದ್ರ ಕಟ್ಟಿದರು. ಅವರೇ ಮುಂದೆ ಕಟ್ಟಿದ, ಇಲ್ಲೇ ನೆಲೆಯಿರುವ ವಿಜ್ಞಾನ ಅಕಾಡೆಮಿಗೆ ನಮ್ಮ ಸಿ.ಎನ್.ಆರ್. ರಾವ್ ಅಧ್ಯಕ್ಷರಾಗಿದ್ದರು.

ಯುಗೊಸ್ಲಾವಿಯಾ ಒಡೆದಾಗ ಬೇರೆ ದೇಶವಾದ ಸ್ಲೊವೇನಿಯಾ 2004ರಲ್ಲಿ ಯುರೋಪ್ ಒಕ್ಕೂಟ ಸೇರಿತು. 2007ರ ಡಿಸೆಂಬರ್‌ನಲ್ಲಿ ಗಡಿಯ ಗೇಟುಗಳು ಎದ್ದವು. ಬಿದ್ದ ಮನೆ ಮತ್ತೆ ಎದ್ದು ನಿಂತ ಹಾಗಾಯಿತು. ಈಗ ಟರ್ಕಿಯ ಲಾರಿಗಳು ಹಡಗಿನಲ್ಲಿ ಬಂದು ಇಲ್ಲಿ ಇಳಿದು, ರೈಲಿನ ಮೇಲೂ ರಸ್ತೆಯ ಮೇಲೂ ಆಸ್ಟ್ರಿಯಾ, ಜರ್ಮನಿಗೆ ಹೋಗುತ್ತವೆ. 1967ರಿಂದ ಕಚ್ಚಾ ಎಣ್ಣೆಯ ಕೊಳವೆಯೊಂದು ಇಲ್ಲಿಂದ ಆಲ್ಪ್ಸ್ ದಾಟಿ ಜರ್ಮನಿಯ ಇಂಗೊಲ್‌ಸ್ಟಾಟ್‌ಗೆ ಹೋಗುತ್ತದೆ. 2023ರಲ್ಲಿ ದೆಹಲಿಯ ಜಿ-20 ಸಭೆಯಲ್ಲಿ ಭಾರತ, ಕೊಲ್ಲಿ ದೇಶಗಳು, ಯುರೋಪ್ ಸೇರುವ ಹೊಸ ವ್ಯಾಪಾರದ ದಾರಿಯ ಮಾತು ಬಂತಲ್ಲ, ಅದರ ಯುರೋಪಿನ ತುದಿ ಟ್ರಿಯೆಸ್ತೆಯೇ ಆಗಲಿ ಅಂತ ಇಟಲಿ ಹೇಳುತ್ತಿದೆ.

ಮುಕ್ತ ಬಂದರು ಏನಾಯಿತು? 1891ರಲ್ಲೇ ಅದು ಇಡೀ ಊರಿನಿಂದ ಬೇಲಿಯೊಳಗಿನ ಬಂದರಿಗೆ ಕುಗ್ಗಿತ್ತು. ಆದರೆ 1947ರ ಒಪ್ಪಂದದ ಎಂಟನೇ ಅನುಬಂಧ ಅದನ್ನು ಉಳಿಸಿತು. ಸ್ವತಂತ್ರ ಪ್ರದೇಶ ಹೋಯಿತು, ಅದರ ಅಂಚೆಚೀಟಿ ಹೋಯಿತು, ಆ ಅನುಬಂಧ ಮಾತ್ರ ಇವತ್ತಿಗೂ ಊರ್ಜಿತ. ಗೆರೆಯೊಳಗೆ ಇಟ್ಟ ಮಾಲು ಎಷ್ಟು ದಿನ ಬೇಕಾದರೂ ಸುಂಕವಿಲ್ಲದೆ ಇರಬಹುದು.

ಸುಟ್ಟುಹೋದ ಆ ನರೋದ್ನಿ ದೋಮ್ ಮುಂದೆ ವಿಶ್ವವಿದ್ಯಾಲಯದ ಕೈಗೆ ಬಂತು. ಅಲ್ಲಿ ಅನುವಾದಕರು, ದುಭಾಷಿಗಳು ಆಗಬೇಕಾದವರಿಗೆ ಪಾಠ ನಡೆಯುತ್ತಿತ್ತು. ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷಕ್ಕೆ, 2020ರ ಜುಲೈ 13ರಂದು, ಇಟಲಿ ಮತ್ತು ಸ್ಲೊವೇನಿಯಾದ ರಾಷ್ಟ್ರಪತಿಗಳು ಬಂದಿದ್ದಾಗ ಅದನ್ನು ಸ್ಲೊವೇನ್ ಸಮುದಾಯಕ್ಕೆ ಮರಳಿಸುವ ಪತ್ರಕ್ಕೆ ಸಹಿ ಬಿತ್ತು.

ಕಾಫಿ ಬೀಜ ಇಂದಿಗೂ ಇಲ್ಲಿ ಇಳಿಯುತ್ತದೆ. ಬ್ರೆಜಿಲ್‌ನದ್ದು, ವಿಯೆಟ್ನಾಂನದ್ದು, ನಮ್ಮದೂ. ಭಾರತದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲು ಕರ್ನಾಟಕದ್ದು. ಅದನ್ನು ಬಹಳ ವರ್ಷಗಳಿಂದ ಎಲ್ಲರಿಗಿಂತ ಜಾಸ್ತಿ ಕೊಳ್ಳುವ ದೇಶ ಇಟಲಿ. ಎಸ್ಪ್ರೆಸ್ಸೊ ಮೇಲೆ ದಪ್ಪನೆ ನೊರೆ ಕಟ್ಟಲು ರೋಬಸ್ಟಾ ಬೇಕು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಅದು ಬೇಕಾದಷ್ಟಿದೆ. ಸಕಲೇಶಪುರದ ಕಡೆಯಿಂದ ಘಟ್ಟ ಇಳಿಯುವ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಾಗ ಅದರ ಮೂಟೆಗಳನ್ನು ಒಮ್ಮೆ ನೋಡಿ. ಎಲ್ಲಿಗೆ ಹೊರಟಿವೆಯೋ ಯಾರಿಗೆ ಗೊತ್ತು, ಟ್ರಿಯೆಸ್ತೆಗೂ ಇರಬಹುದು.